ಕೊನೆಯ ಪುಸ್ತಕ ಮಲಾಕಿಯವಲ್ಲ

ಪೆಟಾಲಿಂಗ್ ಜಯಾ
ನಸುಕಿನ ಐದು ಐವತ್ತು

ಪ್ರಮೀಳಕ್ಕಾ,

ಪುಟ್ಟಿಯನ್ನು ಮಲಗಿಸಿ ಅರ್ಧ ಗಂಟೆಯೂ ಆಗಿರಲಿಲ್ಲ, ಎದುರಿನ ಮಸೀದಿಯ ಬಾಂಗಿಗೆ ಇಬ್ಬರಿಗೂ ಎಚ್ಚರವಾಯಿತು. ಅವಳನ್ನು ತಟ್ಟುತ್ತಾ ಕೂತಾಗ ನನ್ನ ತಪ್ಪು ಹೊಳೆಯಿತು.

ಮಕ್ಕಳ ಧರ್ಮಪರಿಚಯ ಪುಸ್ತಕಕ್ಕೆ ಯೆಹೂದ್ಯರ ಗ್ರಂಥಗಳ ಪಟ್ಟಿ ಮಾಡಿದವಳು ನಾನು. ‘ಹಳೆಯ ಒಡಂಬಡಿಕೆ’ ಎಂದು ಹೆಸರಿಟ್ಟು, ಆದಿಕಾಂಡದಿಂದ ಮಲಾಕಿಯದವರೆಗೆ ಮೂವತ್ತೊಂಬತ್ತು ಬರೆದುಬಿಟ್ಟಿದ್ದೇನೆ. ಅದು ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ನಮ್ಮ ಬೈಬಲಿನ ಕ್ರಮ, ಅವರದಲ್ಲ. ಅವರು ತಮ್ಮ ಗ್ರಂಥವನ್ನು ತನಖ್ ಎನ್ನುತ್ತಾರೆ. ಮೊದಲು ತೋರಾ ಎಂಬ ಐದು ಪುಸ್ತಕಗಳು, ಆಮೇಲೆ ಪ್ರವಾದಿಗಳು, ಕೊನೆಗೆ ಇತರ ಬರಹಗಳು. ಒಳಗಿರುವುದು ಅವೇ ಪುಸ್ತಕಗಳು, ಆದರೆ ಅವರು ಎಣಿಸುವುದು ಇಪ್ಪತ್ತನಾಲ್ಕು. ನಮ್ಮ ಹನ್ನೆರಡು ಕಿರುಪ್ರವಾದಿಗಳು ಅಲ್ಲಿ ಸೇರಿ ಒಂದೇ ಪುಸ್ತಕ. ದಾನಿಯೇಲ ಪ್ರವಾದಿಗಳ ಸಾಲಿನಲ್ಲಿಲ್ಲ. ಕೊನೆಯದು ಪೂರ್ವಕಾಲವೃತ್ತಾಂತ.

ಸರಿಯಾದ ಪಟ್ಟಿ ಈ ಮೇಲ್ ಜೊತೆಗಿದೆ. ಏಳಕ್ಕೆ ಪ್ರೆಸ್ ಶುರು ಎಂದಿದ್ದಿರಿ. ಆ ಪಟ್ಟಿ ಇರುವ ನಲವತ್ತೊಂದನೇ ಪುಟವೊಂದನ್ನು ಹೇಗಾದರೂ ತಡೆಯಿರಿ.

“ಕೈಗೂಸಿರೋಳಿಗೆ ಯಾಕಮ್ಮ ಈ ಕೆಲಸ?” ಎಂದು ನಮ್ಮ ಪ್ರಕಾಶಕರು ಕೇಳಿದಾಗ, “ಕೃಪಾ ಮಾಡ್ತಾಳೆ ಬಿಡಿ ಸಾರ್” ಎಂದವರು ನೀವೊಬ್ಬರೇ. ಬೈಬಲು ಬಾಯಿಗೆ ಬರುವುದರಿಂದಲೇ ಆದ ತಪ್ಪು ಎಂದು ಅವರಿಗೆ ಹೇಳಿ. ಪುಟ್ಟಿಯ ಹೆಸರು ಮಾತ್ರ ಎತ್ತಬೇಡಿ.

ಎರಡು ಸಲ ಕರೆ ಮಾಡಿದೆ, ನೀವು ಎತ್ತಲಿಲ್ಲ. ಇಲ್ಲಿಗಿಂತ ಎರಡೂವರೆ ಗಂಟೆ ಹಿಂದಿರುವ ಮೈಸೂರಿನಲ್ಲಿನ್ನೂ ಮೂರೂಕಾಲು ದಾಟಿರಬೇಕಷ್ಟೆ. ಇದನ್ನು ನೋಡಿದ ಕೂಡಲೇ, ಬೆಳಗಾಗುವುದನ್ನು ಕಾಯದೆ, ದಯವಿಟ್ಟು ಫೋನ್ ಮಾಡಿ ಅಕ್ಕಾ. ಮಗು ಎದ್ದೀತೆಂದು ಹಿಂಜರಿಯಬೇಡಿ. ಇಬ್ಬರೂ ಎದ್ದೇ ಇದ್ದೇವೆ.

ನಿಮ್ಮ
ಕೃಪಾ