ಪಕ್ಷಾಂತರ

ಚಾಮರಾಜಪೇಟೆ, ಬೆಂಗಳೂರು
ಮಂಗಳವಾರ, ೧೯೯೭

ಪ್ರೀತಿಯ ಓರಗಿತ್ತಿ ಮಧುರಾ,

ಜಗತ್ತಿನ ಸ್ತ್ರೀ ವಿಮೋಚನೆ ಇಲ್ಲೊಂದು ಕಲ್ಯಾಣ ಮಂಟಪದಲ್ಲಿ ಸಾಂಗವಾಗಿ ನಡೆದಿದೆ. ಪಿತೃಪಕ್ಷದಲ್ಲಿ ಮದುವೆಗಳಿಲ್ಲವಲ್ಲ, ಮಂಟಪ ಅಗ್ಗಕ್ಕೆ ಸಿಕ್ಕಿತು. ನಮ್ಮ ಮಹಿಳಾ ಸಮ್ಮೇಳನಕ್ಕೆ ಬಂದ ಕೀನ್ಯಾದ ಪ್ರತಿನಿಧಿ ವರನ ಸಿಂಹಾಸನದಲ್ಲೇ ಕೂತಿದ್ದಾರೆ. ಯಾವ ವರನಿಗೂ ಅದು ಇಷ್ಟು ಒಪ್ಪಿರಲಾರದು.

ಬ್ಯಾನರ್ ಬರೆದವನು ಮಾತ್ರ ‘ಪಿತೃಪ್ರಧಾನತೆಗೆ ಧಿಕ್ಕಾರ’ ಎನ್ನುವ ಬದಲು ‘ಪಿತೃಪಕ್ಷಕ್ಕೆ ಧಿಕ್ಕಾರ’ ಎಂದು ಬರೆದುಬಿಟ್ಟಿದ್ದಾನೆ. ಮಂಟಪದ ಮ್ಯಾನೇಜರ್ ಓಡಿಬಂದು, “ಏನ್ ಮೇಡಂ ಇದು, ಸತ್ತೋರ್ ಮೇಲೆ ಯಾಕ್ ಜಗಳ?” ಎಂದರು.

“ಬದುಕಿರೋರು ಕಿವಿಗೇ ಹಾಕ್ಕೊಳಲ್ಲ ಸ್ವಾಮಿ,” ಎಂದೆ.

ಅಳಿಸೋಣವೆಂದು ನೋಡಿದರೆ ನಮ್ಮ ಸಂಘದ ಈ ಊರಿನ ಸದಸ್ಯೆಯರಲ್ಲಿ ಅರ್ಧ ಜನ ಬಂದೇ ಇಲ್ಲ. ಗಂಡಂದಿರ ಪಿತೃಗಳಿಗೆ ಮನೆಯಲ್ಲಿ ವಡೆ ಕರಿಯುತ್ತಿದ್ದಾರಂತೆ. ಬ್ಯಾನರ್ ಸರಿಯಾಗಿಯೇ ಇದೆ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು.

ನನ್ನ ಗಂಟಲು ಕಟ್ಟಿದೆ, ಮೆಣಸಿನ ಕಷಾಯ ಕುಡಿಯುತ್ತಿದ್ದೇನೆ. ಭಾನುವಾರ ನನ್ನ ಭಾಷಣ. ಅಂದೇ ನಮ್ಮ ಮಾವನವರ ಪಕ್ಷವೆಂದು ನೆನಪಿದೆ. ನಾನು ಬರುವುದಿಲ್ಲ. ಹಿರೀಸೊಸೆ ಪಕ್ಷಾಂತರ ಮಾಡಿದಳೆಂದು ಅತ್ತೆಗೆ ಹೇಳು. ಬೆಳಗ್ಗೆಯೇ ಉದ್ದು ನೆನೆಹಾಕಬೇಕು. ಡಬ್ಬ ಎಲ್ಲಿದೆಯೆಂದು ನಮ್ಮ ಗಂಡಂದಿರಿಬ್ಬರಿಗೂ ತೋರಿಸು. ನೀನು ಮಾತ್ರ ರುಬ್ಬಿಕೊಡಬೇಡ. ಹೋದವರು ಅವರಪ್ಪ.

ಅಂಚೆಪೆಟ್ಟಿಗೆ ತೆರೆಯುವವನು ಬಂದ, ಇಲ್ಲಿಗೇ ಮುಗಿಸುತ್ತೇನೆ.

ವತ್ಸಲಕ್ಕ