ಆಚೆ ಅಂಚಿನ ಹೂಂ

ಮೊಳಕಾಲ್ಮೂರು
ಭಾನುವಾರ ಮಧ್ಯಾಹ್ನ, 1998

ನನ್ನ ಗೀತಾಳಿಗೆ,

ಊಟ ಆಯಿತಾ ಎಂದು ಕೇಳಲು ಹೊರಟಿದ್ದೆ. ಸತ್ತವರಿಗೆ ಯಾರಾದರೂ ಹಾಗೆ ಬರೆಯುತ್ತಾರೆಯೇ ಎಂದು ನೀನು ನಗುತ್ತೀ. ನಗು. ಯುಗಾದಿಯಲ್ಲಿ ನೀನು ಹೋದಮೇಲೆ ಈ ಮನೆಯಲ್ಲಿ ನಗುವವರು ಯಾರೂ ಇಲ್ಲ.

ಇವತ್ತು ಸೂರಪ್ಪನ ಮನೆಗೆ ಟಿವಿ ನೋಡಲು ಹೋಗಿದ್ದೆ. ಅದೇ ನಮ್ಮ ಆಕಾಶನೌಕೆಯ ಧಾರಾವಾಹಿ. ಅದರ ಹಿಂದಿ ನಮಗೆ ಅಷ್ಟಕ್ಕಷ್ಟೇ. ಅರ್ಧ ಕೇಳಿ ಇನ್ನರ್ಧ ನೀನೇ ಕಟ್ಟಿ ಹೇಳುತ್ತಿದ್ದೆ. "ಅಲ್ಲಾ, ಆಕಾಶದಾಗೆ ಇವ್ರು ಬಟ್ಟೆ ಎಲ್ಲಿ ಒಣಗಾಕ್ತಾರೆ?" ಎಂದು ನೀನು ಕೇಳಿದ್ದಕ್ಕೆ ಪಡಸಾಲೆಯೆಲ್ಲ ನಕ್ಕಿತ್ತು. ನೀನು ಒರಗುತ್ತಿದ್ದ ಕಂಬದ ಹತ್ತಿರ ಇವತ್ತು ಯಾರೂ ಕೂರಲಿಲ್ಲ.

ಅದಕ್ಕೂ ಮೊದಲು ಮಗ್ಗದ ಸುದ್ದಿ. ಒಡಲಿಗೊಂದು, ಎರಡು ಅಂಚಿಗೆ ಒಂದೊಂದು, ಹೀಗೆ ಮೂರು ಲಾಳಿಯ ಸೀರೆ ಒಬ್ಬನ ಕೈಲಾಗುವುದಲ್ಲ, ನಿನಗೆ ಗೊತ್ತು. ನಾನು ಈಚೆ ಅಂಚಿನ ಲಾಳಿ, ಒಡಲಿನ ಲಾಳಿ ಎಸೆದು "ಹಾಂ" ಅನ್ನಬೇಕು, ನೀನು ಆಚೆ ಅಂಚಿನ ಲಾಳಿ ದಾಟಿಸಿ "ಹೂಂ" ಅನ್ನಬೇಕು. ನೀನಿಲ್ಲದೆ ಮಗ್ಗ ನಿಂತೇ ಇತ್ತು. ಹೋದ ವಾರ ನಿನ್ನ ಅವ್ವ ರಾಂಪುರದಿಂದ ಬಂದರು. "ಅವಳಿಗೆ ಲಾಳಿ ಹಿಡಿಯೋದು ಕಲಿಸ್ದೋಳು ನಾನೇ ಕಣಪ್ಪಾ, ನಾನೇ ಕೂರ್ತೀನಿ" ಎಂದು ಸೆರಗು ಸಿಕ್ಕಿಸಿ ಕೂತೇಬಿಟ್ಟರು.

ಮೊದಲ ಸಲವೇ ಅವರು "ಹೂಂ" ಅಂದರು. ಗೀತಾ, ಅದು ನಿನ್ನ ದನಿ. ಕೊನೆಯಲ್ಲಿ ಒಂಚೂರು ಮೇಲೇಳುವುದೂ ಹಾಗೇ. ನನಗೆ ತಡೆಯಲಾಗಲಿಲ್ಲ. ಎಳೆ ಹರಿಯಿತು ಎಂದು ಸುಳ್ಳು ಹೇಳಿ ಎದ್ದೆ. ಮಾರನೆಯ ದಿನವೂ ಹರಿಯಿತು, ಅದರ ಮಾರನೆಯ ದಿನವೂ. "ನನ್ನ ಕೈ ನಿನಗೆ ಹೊಂದಲಿಲ್ಲ ಕಣಪ್ಪಾ, ನಾಳೆ ಊರಿಗೆ ಹೋಗ್ತೀನಿ" ಎಂದು ಅವರು ಇವತ್ತು ಬೆಳಿಗ್ಗೆ ಚೀಲ ತುಂಬಿದರು. ನಾನು ಟಿವಿ ನೋಡುವ ನೆಪದಲ್ಲಿ ಮನೆ ಬಿಟ್ಟೆ.

ಇವತ್ತಿನ ಕಂತಿನಲ್ಲಿ ಆ ಗಡ್ಡದವನ ಹೆಂಡತಿ ತೀರಿಕೊಂಡಿದ್ದಳು. ಅಷ್ಟು ದೊಡ್ಡ ನೌಕೆಯಲ್ಲಿ ಅವನೊಬ್ಬನೇ. ಅವನ ದುಃಖ ನೋಡಲಾರದೆ ಅಲ್ಲಿನ ಕಂಪ್ಯೂಟರು ಅವಳ ದನಿಯಲ್ಲೇ ಮಾತಾಡಿಸಿತು. ಅವನಿಗೆ ಹಿಗ್ಗೋ ಹಿಗ್ಗು. ಆಮೇಲೆ, "ನಮ್ಮ ಮದುವೆಯ ದಿನ ನೀನು ಯಾಕೆ ಅಳುತ್ತಿದ್ದೆ?" ಎಂದು ಕೇಳಿದ. ಕಂಪ್ಯೂಟರಿಗೆ ಏನು ಗೊತ್ತು ಪಾಪ! ಅವನು ಆ ದನಿಯನ್ನು ನಿಲ್ಲಿಸಿಬಿಟ್ಟ. ಪರದೆಯ ತುಂಬ ಬರೀ ಕಪ್ಪು ಆಕಾಶ. ನಾನು ಬಿಕ್ಕಿ ಬಿಕ್ಕಿ ಅತ್ತೆ. "ಲೇ ಪಾಲಾಕ್ಷ, ಸುಳ್ಳು ಕಥೆ ಕಣಲೇ" ಎಂದು ಸೂರಪ್ಪ ನೀರು ಕೊಟ್ಟ.

ವಾಪಸು ಬರುವಾಗ ಒಂದು ಮಾತು ಹೊಳೆಯಿತು. ಕಂಪ್ಯೂಟರಿನದು ಕದ್ದ ದನಿ. ನಿನ್ನ ಅವ್ವನದು ಹಾಗಲ್ಲ. ಅದು ಮೊದಲಿನಿಂದಲೂ ಅವರದೇ, ಅವರಿಂದ ನೀನು ತಂದದ್ದು. ಬಾಯಿ ತೆಗೆದಾಗಲೆಲ್ಲ ಅವರಿಗೂ ಮಗಳೇ ಕೇಳಿಸುತ್ತಿರಬೇಕು. ಆದರೂ ಬಂದು ಕೂತಿದ್ದರು.

ಮನೆಗೆ ಬಂದವನೇ ಅವರ ಚೀಲ ಎತ್ತಿ ಅಟ್ಟದ ಮೇಲಿಟ್ಟೆ. "ನಾಳೆ ಕೂರ್ರಿ ಅತ್ತೆ. ಎಳೆ ಹರಿದಿರಲಿಲ್ಲ" ಅಂದೆ.

"ಗೊತ್ತಪ್ಪಾ" ಅಂದರು. ಅದೂ ನಿನ್ನ ದನಿಯಲ್ಲೇ. ಈ ಸಲ ನಾನು ಎದ್ದು ಹೋಗಲಿಲ್ಲ.

ಇನ್ನು ನನ್ನ "ಹಾಂ"ಗೆ ನೀನು ಹೂಂಗುಟ್ಟಬೇಕಾಗಿಲ್ಲ. ಅವ್ವ ಇದ್ದಾರೆ. ನೀನು ಹಾಯಾಗಿ ಮಲಗು, ಗೀತಾ.

ಈಚೆ ಅಂಚಿನ
ನಿನ್ನ ಪಾಲಾಕ್ಷ