ಲಕ್ಕಣ್ಣ ಒಪ್ಪಿಕೊಂಡ ತಪ್ಪು

ಅಲ್ಲಾಳಸಂದ್ರ
೯ ಡಿಸೆಂಬರ್ ೨೦೨೪

ಪ್ರೀತಿಯ ನಂದಿತಾ,

ಅಪ್ಪನ ಆಶೀರ್ವಾದ. ಎರಡು ವಾರ ನಿನ್ನ ಫೋನ್ ಎತ್ತದೆ ಈಗ ಕಾಗದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಅಮ್ಮನ ಮಂಡಿನೋವು ಎಷ್ಟೋ ವಾಸಿ. ನನಗೆ ಮಾತ್ರ ಹೊಟ್ಟೆ ಉರಿ, ಅದಕ್ಕೆ ಡಾಕ್ಟರ ಹತ್ತಿರ ಔಷಧಿ ಇಲ್ಲ.

ಹೊಟ್ಟೆಕಿಚ್ಚು ಕಣಮ್ಮ, ಮುಚ್ಚಿಡುವುದೇಕೆ. ನಿನ್ನ ಹೈಸ್ಕೂಲು ಮಕ್ಕಳಿಗೆ ಯುದ್ಧದ ಪಾಠಕ್ಕೆ ಒಬ್ಬ ಸೈನಿಕ ಬೇಕಾದಾಗ ನೀನು ಕರೆದದ್ದು ನನ್ನ ಜೊತೆ ಸಮುದ್ರ ದಾಟಿ ಯುದ್ಧಕ್ಕೆ ಬಂದಿದ್ದ ಅಬ್ಬಿಗೆರೆ ಲಕ್ಕಣ್ಣನನ್ನು. ನನಗೆ ಹೇಳಿದ್ದು, "ಅಪ್ಪಾ, ಅಂಕಲ್‌ನ ಸೋಲದೇವನಹಳ್ಳಿ ಸ್ಕೂಲಿಗೆ ಸ್ವಲ್ಪ ಕರ್ಕೊಂಡ್ ಬಂದ್ಬಿಡಿ." ಹೆತ್ತ ಅಪ್ಪ ಸ್ಕೂಟರ್ ಓಡಿಸುವವನಾದ. ನೀನು ಏಳನೇ ಕ್ಲಾಸಿನಲ್ಲಿದ್ದಾಗ "ಯಾರನ್ನಾದ್ರೂ ಕೊಂದಿದ್ದೀರಾ" ಎಂದು ಕೇಳಿದ್ದಕ್ಕೆ ಊಟದ ತಟ್ಟೆ ಬಿಟ್ಟು ಎದ್ದವನು ನಾನೇ, ಒಪ್ಪುತ್ತೇನೆ. ಆದರೂ ಇನ್ನೊಂದು ಸಲ ಕೇಳಿ ನೋಡಬಹುದಿತ್ತು.

ನಾನು ಕ್ಲಾಸಿನ ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಗಜಾಲಾ ಎಂಬ ಹುಡುಗಿ ಅದೇ ಪ್ರಶ್ನೆ ಕೇಳಿದಳು. ಲಕ್ಕಣ್ಣ ನೆಲ ನೋಡುತ್ತಾ, "ಊಂ ಕಣವ್ವಾ. ಬಾವಿ ಅತ್ರ ಒಬ್ಳು ತಮಿಳ್ ಎಂಗ್ಸು. ಇಂದೀಲಿ ನಿಲ್ಲು ಅಂತ ಕೂಗ್ದೆ. ಅವ್ಳಿಗೆ ಇಂದಿ ಬತ್ತಿರ್ನಿಲ್ಲ, ನಂಗೆ ತಮಿಳ್ ಬತ್ತಿರ್ನಿಲ್ಲ. ಓಡಿದ್ಲು, ಗುಂಡ್ ಒಡ್ದ್‌ಬುಟ್ಟೆ. ಕೈಲಿದ್ದಿದ್ದು ಬರೀ ಕೊಡ" ಎಂದ.

"ಭಾಷೆ ಬರ್ದೆ ಆಗಿದ್ದಲ್ವಾ, ಕ್ಷಮಿಸ್ಬೋದು ಮಿಸ್" ಎಂದಳು ಗಜಾಲಾ. ನೀನು, "ಕ್ಷಮಿಸೋ ಹಕ್ಕು ಅವಳ ಮನೆಯವ್ರದ್ದು. ನಾವು ಕೂತು ಕೇಳಿಸ್ಕೋಬಹುದು ಅಷ್ಟೇ" ಎಂದೆ. ಎಂಥ ಮೇಷ್ಟ್ರು ಆಗಿದ್ದೀಯೆ ಎಂದು ಹೆಮ್ಮೆಯಾಯಿತು. ಮರುಕ್ಷಣ ಅವನ ಕೈ ಹಿಡಿದುಕೊಂಡು ಅವನು ಅಳುವಷ್ಟು ಹೊತ್ತೂ ಪಕ್ಕದಲ್ಲೇ ನಿಂತೆಯಲ್ಲ, ಅದನ್ನು ನನಗೆ ಸಹಿಸಲಾಗಲಿಲ್ಲ. ಅವನು ಅತ್ತು ಹಗುರಾದ. ವಾಪಸ್ಸು ಬರುವಾಗ ಅವನನ್ನು ಅಬ್ಬಿಗೆರೆಯಲ್ಲಿ ಇಳಿಸಿದವನೇ ಸ್ಕೂಟರ್ ತಿರುಗಿಸಿಕೊಂಡು ಸೀದಾ ಮನೆಗೆ ಬಂದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ಕಾಲ ಸುಖವಾಗಿರು.

ನಿನ್ನ ಅಪ್ಪ,
ಸುಬ್ರಮಣಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ಆವತ್ತು ಬಾವಿಯ ಹತ್ತಿರ ಲಕ್ಕಣ್ಣ ನನ್ನ ಪಕ್ಕದಲ್ಲಿದ್ದ, ಅಷ್ಟೇ. ಗುಂಡು ಹಾರಿಸಿದವನು ನಾನು. ಮಗಳ ಮುಂದೆ ನಾನು ಬಾಯಿ ಬಿಡಲಾರೆ ಎಂದು ಅವನು ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಂಡ. ಅವನಿಗೆ ತಮಿಳು ಬರುತ್ತಿರಲಿಲ್ಲ, ನಿಜ. ನಾನು ಯಶವಂತಪುರದ ವಠಾರದಲ್ಲಿ ತಮಿಳು ಆಡಿಕೊಂಡೇ ಬೆಳೆದವನು. ಆ ಹೊತ್ತಿಗೆ ಬಾಯಿಗೆ ಬಂದದ್ದು ಮಾತ್ರ ಕವಾಯತಿನ ಹಿಂದಿ. ಗಜಾಲಾಗೆ ಇದನ್ನು ನಾನೇ ಹೇಳಬೇಕು. ನನ್ನನ್ನು ಕ್ಲಾಸಿಗೆ ಕರೆಯುವ ಮನಸ್ಸು ಇನ್ನೂ ಉಳಿದಿದ್ದರೆ ಕರೆ.